ಕೈಯ ಸ್ಪರ್ಶ ಎದೆಗೆ, ಕೆನ್ನೆಗೆ, ಕಂಕುಳಿಗೆ: ಇದು ಸಾಧ್ಯವೇ?

ಶಹಾಬಾದಿನಲ್ಲಿ ಫರಸಿ ಎಬ್ಬಿಸುವವರಿಗೆ, ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳಲ್ಲಿ ದುಡಿಯುವವರಿಗೆ, ಚಿತ್ತಾಪುರ, ಚಿಂಚೋಳಿಯಲ್ಲಿ ತೊಗರಿ ಕೊಯ್ಯುವವರಿಗೆ ಕೈಯೇ ಬಂಡವಾಳ. ಅಪಘಾತದಲ್ಲಿ ಆ ಕೈ ಹೋಗಬಹುದು. ಇಲ್ಲವೇ ಕುಷ್ಠ, ಸಕ್ಕರೆ ಕಾಯಿಲೆ, ನರದ ಪೆಟ್ಟಿನಿಂದ ಕೈ ಇದ್ದೂ ಜೋಮು ಹಿಡಿದು ಸ್ಪರ್ಶ ಸಾಯಬಹುದು. ಸತ್ತ ಸ್ಪರ್ಶವನ್ನು ಮೈಯ ಬೇರೆ ಭಾಗದಿಂದ ಪಡೆಯಲು ಆಗುತ್ತಾ?

ಆಗುತ್ತೆ, ಹೇಗೆ?

ಮುಟ್ಟೋದು ಚರ್ಮ, ಅರಿಯೋದು ಮಿದುಳು. ಮಿದುಳಿನಲ್ಲಿ ಇಡೀ ಮೈಯ ಒಂದು ನಕ್ಷೆ ಇದೆ. ಅದರಲ್ಲಿ ಕೈಯ ಪಕ್ಕದ ಮನೆ ಮುಖ. ಕೈ ಕಳೆದುಕೊಂಡ ಕೆಲವರ ಕೆನ್ನೆ ಸವರಿದರೆ ಇಲ್ಲದ ಬೆರಳನ್ನೇ ಮುಟ್ಟಿದಂತಾಗುತ್ತದೆ ಅಂತ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ತೋರಿಸಿದರು.

ಅಮೆರಿಕದ ಷಿಕಾಗೋದಲ್ಲಿ ವೈದ್ಯ ಟಾಡ್ ಕುಯ್ಕೆನ್ ತಂಡ ಇನ್ನೂ ಮುಂದೆ ಹೋಯಿತು. ಕತ್ತರಿಸಿದ ತೋಳಿನ ನರಗಳನ್ನು ಎದೆಯ ಸ್ನಾಯುವಿಗೆ ಜೋಡಿಸಿತು. ಆ ನರಗಳು ಎದೆಯ ಚರ್ಮಕ್ಕೂ ಹಬ್ಬಿದವು. ಅಲ್ಲಿ ಒತ್ತಿದರೆ ಕೈಯನ್ನೇ ಒತ್ತಿದ ಅನುಭವ! ಶಸ್ತ್ರಚಿಕಿತ್ಸೆ ಇಲ್ಲದ ದಾರಿಯೂ ಇದೆ: ಕೃತಕ ಬೆರಳಿನಲ್ಲಿ ಸೆನ್ಸರ್, ತೋಳಿನ ಮೇಲೆ ಪುಟ್ಟ ಕಂಪಕ. ಹಿಡಿತ ಬಿಗಿಯಾದಷ್ಟೂ ಕಂಪನ ಜೋರು.

ಸೋತದ್ದು ಎಲ್ಲಿ?

ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿ ಹೆಸರಾದ ಡಾ. ಪಾಲ್ ಬ್ರ್ಯಾಂಡ್ ಮುಂದೆ ಅಮೆರಿಕದಲ್ಲಿ ಸೆನ್ಸರ್ ಗ್ಲೌಸ್ ಮಾಡಿಸಿದರು. ಒತ್ತಡ ಅತಿಯಾದರೆ ಮೊದಲು ಕಿವಿಗೆ ಸದ್ದು. ಅದನ್ನು ಜನ ಲೆಕ್ಕಕ್ಕೇ ತಗೊಳ್ಳಲಿಲ್ಲ. ಆಮೇಲೆ ಸ್ಪರ್ಶ ಉಳಿದಿದ್ದ ಕಂಕುಳಿಗೆ ಶಾಕ್ ಕೊಟ್ಟರು. ಕೆಲಸ ಮುಗಿಸಬೇಕಾದಾಗ ಜನ ಸ್ವಿಚ್ಚನ್ನೇ ಆಫ್ ಮಾಡಿದರು. ಯೋಜನೆ ಕೈಬಿಡಬೇಕಾಯಿತು. ನಿಜವಾದ ನೋವಿಗೆ ಸ್ವಿಚ್ ಇಲ್ಲ, ಅದಕ್ಕೇ ಅದು ಕಾಯುತ್ತದೆ.

ನಮ್ಮ ಕಡೆಗೆ ಇದರಿಂದ ಏನು?

ಸದ್ಯಕ್ಕೆ ದುಡ್ಡಿಲ್ಲದ ಉಪಾಯಗಳೇ ಗಟ್ಟಿ. ಜೋಮು ಹಿಡಿದ ಕೈಯಿಂದ ಬಿಸಿನೀರು ನೋಡಬೇಡಿ, ಸ್ಪರ್ಶ ಚೆನ್ನಾಗಿರುವ ಮೊಣಕೈಯಿಂದ ನೋಡಿ. ದಿನಾ ರಾತ್ರಿ ಕೈಕಾಲನ್ನು ಕಣ್ಣಿಂದ ಪರೀಕ್ಷಿಸಿ. ಹಿಡಿಕೆಗೆ ಬಟ್ಟೆ ಸುತ್ತಿ. ಕಾದ ಫರಸಿ ಮೇಲೆ ಬರಿಗಾಲಲ್ಲಿ ನಿಲ್ಲಬೇಡಿ. ಮೈಮೇಲೆ ಸ್ಪರ್ಶವಿಲ್ಲದ ಮಚ್ಚೆ ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಕುಷ್ಠಕ್ಕೆ ಔಷಧಿ ಉಚಿತ. ಬೇಗ ಹೋದಷ್ಟೂ ನರ ಉಳಿಯುತ್ತವೆ.

ಉಳಿದದ್ದು ಸರ್ಕಾರದ ಕೆಲಸ. 1923ರ ನೌಕರರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇ. 30 ನಷ್ಟ ಅಂತ ಲೆಕ್ಕವಿತ್ತು. ಬೆರಳಿದ್ದೂ ಸ್ಪರ್ಶ ಹೋದರೆ ಎಷ್ಟು? ಅದಕ್ಕೆ ಆ ಪಟ್ಟಿಯಲ್ಲಿ ಪ್ರತ್ಯೇಕ ಸಾಲಿರಲಿಲ್ಲ. ಕಲ್ಲಿನ ಅಂಚನ್ನು ಬೆರಳಲ್ಲೇ ಅಳೆದು ದುಡಿಯುವವನಿಗೆ ಸ್ಪರ್ಶ ಹೋಯಿತೆಂದರೆ ಅರ್ಧ ಕೈ ಹೋದ ಹಾಗೇ. ಆ ಸಾಲನ್ನು ಸೇರಿಸಲು ಯಾವ ಹೊಸ ಯಂತ್ರವೂ ಬೇಕಿಲ್ಲ.