ತೊಟ್ಟು ಬಿಡದ ಚರ್ಮ: ಶ್ರೀರಂಗಪಟ್ಟಣದ ಯುದ್ಧದಿಂದ ಬಾಯಿ ಕ್ಯಾನ್ಸರಿನ ಮರುಜೋಡಣೆಯವರೆಗೆ

ಮುಖದ ಮರುಜೋಡಣೆ ಶಸ್ತ್ರಚಿಕಿತ್ಸೆಯ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಸುಶ್ರುತನಿಂದ ಹೊರಟು, ಪುಣೆಯಲ್ಲಿ ಇಳಿದು, ಅಲ್ಲಿಂದ ಲಂಡನ್ನಿಗೆ ಹಡಗು ಹತ್ತುತ್ತಾರೆ. ಮೈಸೂರು ಸೀಮೆಗೆ ಅದರಲ್ಲಿ ಒಂದು ಸಾಲು ಸಿಗುತ್ತದೆ, ಅದೂ ಮೂಗು ಕೊಯ್ದ ಜಾಗವೆಂದು. ಆ ಸಾಲನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಟಿಪ್ಪುವಿನ ಮೇಲಿನ ಯುದ್ಧದಲ್ಲಿ, 1791ರ ಮಾರ್ಚ್ ಮೊದಲ ವಾರ, ಇಂಗ್ಲಿಷರ ದಂಡನಾಯಕ ಕಾರ್ನ್‌ವಾಲಿಸನ ಸೈನ್ಯ ಕೋಲಾರ, ಹೊಸಕೋಟೆಗಳನ್ನು ಹಿಡಿದು ಬೆಂಗಳೂರಿಗೆ ಬಂತು. ಇಂದು ಕೆ.ಆರ್.ಪುರ, ಮಹದೇವಪುರ, ದೊಡ್ಡನೆಕ್ಕುಂದಿಗಳಿರುವ ಪೂರ್ವದ ಬದಿಯಿಂದ ಬಂದ ದಂಡು ಅದು. ಮಾರ್ಚ್ 21ರ ರಾತ್ರಿ ಕೋಟೆ ಬಿತ್ತು. ಆದರೆ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರ ಎತ್ತುಗಳು ಸತ್ತು, ಎಳೆಯುವವರಿಲ್ಲದ ದೊಡ್ಡ ಫಿರಂಗಿಗಳನ್ನು ಅವನು ತಾನೇ ನಾಶಮಾಡಿ ಹಿಮ್ಮೆಟ್ಟಬೇಕಾಯಿತು. ಎತ್ತಿಲ್ಲದೆ ಆ ಯುದ್ಧವೇ ಇಲ್ಲ. ಇಂಗ್ಲಿಷರ ಎತ್ತು ಹೊಡೆಯುವ ಬಡಪಾಯಿಯ ಮೇಲೆ ಟಿಪ್ಪುವಿನ ಕಡೆಯವರ ಸಿಟ್ಟು ಹರಿದದ್ದಕ್ಕೆ ಇದೂ ಕಾರಣವಿರಬೇಕು.

ಹಾಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ ಎತ್ತು ಹೊಡೆಯುವವನೊಬ್ಬ ಕಾವಸ್‌ಜಿ ಎಂಬ ಮರಾಠ. ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಅವನ ವೃತ್ತಾಂತ ಚಿತ್ರಸಮೇತ ಅಚ್ಚಾಯಿತು. ವರ್ಷಕ್ಕೂ ಮಿಕ್ಕಿ ಮೂಗಿಲ್ಲದೆ ಇದ್ದವನಿಗೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಹೊಸ ಮೂಗು ಕೂರಿಸಿದ. ಪತ್ರಿಕೆ ರೋಗಿಯ ಹೆಸರನ್ನು ಕೊಟ್ಟಿದೆ, ಮಾಡಿದವನ ಹೆಸರನ್ನು ಕೊಟ್ಟಿಲ್ಲ.

ಮಾಡಿದ ರೀತಿ ಹೀಗೆ. ತೆಳು ಮೇಣದ ಹಾಳೆಯಿಂದ ಮೂಗಿನ ಆಕಾರ ಮಾಡಿ, ಅದನ್ನು ಚಪ್ಪಟೆಗೊಳಿಸಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದ. ಗೆರೆಯೊಳಗಿನ ಚರ್ಮವನ್ನು ಬಿಡಿಸಿದ, ಆದರೆ ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಕೊಯ್ಯದೆ ಉಳಿಸಿಕೊಂಡ. ಚರ್ಮವನ್ನು ತಿರುವಿ ಕೆಳಕ್ಕೆ ತಂದು ಮೂಗಿನ ಜಾಗದಲ್ಲಿ ಕೂರಿಸಿ, ನೀರಿನಲ್ಲಿ ಕಲಸಿದ ಕಾಚನ್ನು ಬಟ್ಟೆಯ ಪಟ್ಟಿಗಳಿಗೆ ಸವರಿ ಒಂದರ ಮೇಲೊಂದು ಅಂಟಿಸಿದ. ನಾಲ್ಕು ದಿನದ ಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಸುಮಾರು 25ನೆಯ ದಿನ ಹಣೆಯ ಪಟ್ಟಿಯನ್ನು ಕತ್ತರಿಸಿದ. ಇಂದಿಗೂ ಮೂಗಿನ ಕ್ಯಾನ್ಸರ್ ತೆಗೆದ ಮೇಲೆ ಹಣೆಯ ಚರ್ಮ ಇಳಿಸುವ ಶಸ್ತ್ರವೈದ್ಯರು ಆ ಪಟ್ಟಿಯನ್ನು ಕತ್ತರಿಸುವುದು ಮೂರು ವಾರದ ಆಸುಪಾಸಿನಲ್ಲೇ.

ಕಾಯಿಗೆ ತೊಟ್ಟು ಹೇಗೋ ಆ ಚರ್ಮಕ್ಕೆ ಈ ಪಟ್ಟಿ ಹಾಗೆ. ಕತ್ತರಿಸಿ ಅಂಟಿಸಿದ ದಪ್ಪ ಚರ್ಮ ಕೊಳೆಯುತ್ತದೆ, ರಕ್ತದ ದಾರಿ ಬಿಡದೆ ತಂದದ್ದು ಹಿಡಿದುಕೊಳ್ಳುತ್ತದೆ. ಲಂಡನ್ನಿನ ಜೋಸೆಫ್ ಕಾರ್ಪ್ಯೂ ಇದನ್ನು 1814ರಲ್ಲಿ ಮಾಡಿ, 1816ರಲ್ಲಿ ಪುಸ್ತಕ ಬರೆದ. ಒಂದು ಎಚ್ಚರ ಮಾತ್ರ ಬೇಕು. ಸುಶ್ರುತ ಸಂಹಿತೆಯ ವಿಧಾನದಲ್ಲಿ ಎಲೆಯಿಂದ ಅಳತೆ ತೆಗೆದು ಕೆನ್ನೆಯ ಬದಿಯ ಚರ್ಮ ತರುತ್ತಾರೆ, ಪುಣೆಯವನು ಹಣೆಯದನ್ನು ತಂದ. ಇವೆರಡನ್ನೂ ಒಂದೇ ಕಡಿಯದ ಪರಂಪರೆಯೆಂದು ಹೆಮ್ಮೆಯಿಂದ ಹೇಳಿಬಿಡುವುದು ಸುಲಭ. ಪಠ್ಯ ಅಷ್ಟು ಸಲೀಸಾಗಿ ಒಪ್ಪುವುದಿಲ್ಲ.

ಪುಣೆಯಲ್ಲಿ ಗಾಯಕ್ಕೆ ಹಚ್ಚಿದ ಕಾಚು ಇಂದು ಗುಟ್ಕಾದ ಒಂದು ಸಾಮಗ್ರಿ. ಕರ್ನಾಟಕ ಗುಟ್ಕಾವನ್ನು ನಿಷೇಧಿಸಿದ್ದು 2013ರಲ್ಲಿ. ಆಮೇಲೆ ಪಾನ್ ಮಸಾಲೆ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಬಂದವು. ಬೆರೆಸುವ ಕೆಲಸ ಗಿರಾಕಿಯದಾಯಿತು. ಅಡಿಕೆಯನ್ನೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಪದಾರ್ಥವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಹೇಳಿದೆ. ದೇಶದಲ್ಲೇ ಹೆಚ್ಚು ಅಡಿಕೆ ಬೆಳೆಯುವ ನಮಗೆ ಅದು ಪಥ್ಯವಾಗಿಲ್ಲ.

ಜಗಿದದ್ದನ್ನು ಕೆನ್ನೆ ಮತ್ತು ಕೆಳವಸಡಿನ ಸಂದಿಯಲ್ಲಿ ಒತ್ತರಿಸಿಕೊಳ್ಳುವ ರೂಢಿಯಿಂದ ಇಲ್ಲಿನ ಹುಣ್ಣು ಬಹುಮಟ್ಟಿಗೆ ಅಲ್ಲೇ ಏಳುತ್ತದೆ. ತಡವಾಗಿ ಬಂದವರಲ್ಲಿ ಕೆನ್ನೆಯ ಒಳಪದರ, ದವಡೆ ಮೂಳೆ, ಹೊರಚರ್ಮ ಮೂರೂ ಹೋಗುತ್ತವೆ. ಮೂಗು ಹೋದರೆ ಮಾನ ಹೋಯಿತೆನ್ನುತ್ತಿದ್ದರು. ಇಲ್ಲಿ ಹೋಗುವುದು ಊಟ, ಮಾತು, ಎಂಜಲು ನುಂಗುವ ಶಕ್ತಿ.

ಈ ತೂತಿಗೆ ಮೊದಮೊದಲು ಒದಗಿದ್ದರಲ್ಲಿ ಹಣೆಯೂ ಒಂದು. ಗ್ಲಾಸ್ಗೋದ ಇಯಾನ್ ಮೆಕ್‌ಗ್ರೆಗರ್ 1963ರಲ್ಲಿ ಕಣತಲೆಯ ರಕ್ತನಾಳದ ಆಧಾರದ ಮೇಲೆ ಹಣೆಯ ಚರ್ಮವನ್ನು ಬಾಯೊಳಕ್ಕೆ ಇಳಿಸಿದರು. ರೋಗಿ ಉಳಿದ, ಹಣೆಯ ಕಲೆಯೂ ಜನ್ಮಕ್ಕೆ ಉಳಿಯಿತು. 1965ರಲ್ಲಿ ಬಕಮ್‌ಜಿಯನ್ ಎದೆಯ ಮೇಲ್ಭಾಗದ ಚರ್ಮವನ್ನು ಬಳಸಿದರು. ನಿಜವಾದ ತಿರುವು 1979ರದು: ಸ್ಟೀಫನ್ ಆರಿಯಾನ್ ಎದೆಯ ದೊಡ್ಡ ಸ್ನಾಯುವನ್ನೇ ಅದರ ಮೇಲಿನ ಚರ್ಮದೊಂದಿಗೆ ಎತ್ತಿ, ಕೊರಳಪಟ್ಟಿ ಮೂಳೆಯ ಕೆಳಗಿನ ರಕ್ತನಾಳವನ್ನು ತೊಟ್ಟಾಗಿಸಿಕೊಂಡು, ಕತ್ತಿನ ಚರ್ಮದ ಅಡಿಯಿಂದ ಬಾಯಿಗೆ ತಂದರು. ವಾರ್ಡುಗಳಲ್ಲಿ ಇದನ್ನು ಪಿಎಂಎಂಸಿ ಎನ್ನುತ್ತಾರೆ. ಸೂಕ್ಷ್ಮದರ್ಶಕ ಬೇಡ, ಒಂದೇ ಸಲಕ್ಕೆ ಮುಗಿಯುತ್ತದೆ. ತೊಂದರೆಗಳೂ ಇವೆ: ದಪ್ಪ ಮುದ್ದೆಯಂತೆ ಕೂರುತ್ತದೆ, ಕತ್ತು ಒಂದು ಕಡೆಗೆ ಎಳೆಯುತ್ತದೆ, ಗಂಡಸರಿಗೆ ಬಾಯೊಳಗೆ ಎದೆಯ ರೋಮ ಬೆಳೆಯುತ್ತದೆ.

ಮುಂದೆ ತೊಟ್ಟನ್ನೂ ಕತ್ತರಿಸುವ ಧೈರ್ಯ ಬಂತು. ಚೀನಾದ ಶೆನ್ಯಾಂಗಿನ ವೈದ್ಯರು ಮುಂಗೈ ಚರ್ಮವನ್ನು ರಕ್ತನಾಳ ಸಮೇತ ತೆಗೆದು ಬೇರೆಡೆ ಜೋಡಿಸಿ 1981ರಲ್ಲಿ ಪ್ರಕಟಿಸಿದರು. 1989ರಲ್ಲಿ ನ್ಯೂಯಾರ್ಕಿನ ಡೇವಿಡ್ ಹಿಡಾಲ್ಗೊ ಮೊಣಕಾಲ ಕೆಳಗಿನ ಹೊರಬದಿಯ ಸಣ್ಣ ಮೂಳೆಯಾದ ಫಿಬುಲಾವನ್ನು ತಂದು ಅಲ್ಲಲ್ಲಿ ಕಡಿದು ಬಾಗಿಸಿ ದವಡೆ ಮಾಡಿದರು. ಒಂದೆರಡು ಮಿಲಿಮೀಟರಿನ ನಾಳಗಳನ್ನು ಕೂದಲಿಗಿಂತ ತೆಳು ದಾರದಿಂದ ಹೊಲಿಯಬೇಕು. ಆಮೇಲಿನ ದಿನಗಳಲ್ಲಿ ನರ್ಸು ಗಂಟೆಗಂಟೆಗೂ ಆ ಚರ್ಮದ ಬಣ್ಣ ನೋಡುತ್ತಿರಬೇಕು. ನೀಲಿಗಟ್ಟಿದರೆ ರಾತ್ರೋರಾತ್ರಿ ಮತ್ತೆ ಥಿಯೇಟರು.

 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಂಥ, ರೋಗಿಗಳ ಸಾಲು ಉದ್ದವಿರುವ ಆಸ್ಪತ್ರೆಗಳಲ್ಲಿ ಎದೆಯ ಸ್ನಾಯು ಇನ್ನೂ ದುಡಿಯುತ್ತಿರುವುದನ್ನು ಹಿಂದುಳಿದಿರುವಿಕೆ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಒಬ್ಬನ ಫಿಬುಲಾಕ್ಕೆ ಇಡೀ ದಿನದ ಥಿಯೇಟರು ಕೊಟ್ಟರೆ ಮಿಕ್ಕವರ ಗಡ್ಡೆ ಕಾಯುತ್ತಾ ಕೂರುವುದಿಲ್ಲ. ಬೆಂಗಳೂರಿನ ಒಂದು ಕೊಡುಗೆಯೂ ಈ ಲೆಕ್ಕದಿಂದಲೇ ಹುಟ್ಟಿದ್ದು: ಧ್ವನಿಪೆಟ್ಟಿಗೆ ತೆಗೆಸಿಕೊಂಡವರಿಗೆ ಮಾತು ಬರಲೆಂದು ಹಾಕುವ ಆಮದು ಕವಾಟದ ಬೆಲೆ ಸಾವಿರಾರು ರೂಪಾಯಿ, ಇಲ್ಲಿನ ಶಸ್ತ್ರವೈದ್ಯ ವಿಶಾಲ್ ರಾವ್ ರೂಪಿಸಿದ ‘ಓಂ’ ಕವಾಟಕ್ಕೆ ಆರಂಭದಲ್ಲಿ ಇಟ್ಟ ಬೆಲೆ 50 ರೂಪಾಯಿ.

ಮನೆಯಲ್ಲಿ ಯಾರಿಗಾದರೂ ಬಾಯಿ ಕ್ಯಾನ್ಸರಿನ ಆಪರೇಷನ್ ಗೊತ್ತಾದರೆ, ಗಡ್ಡೆ ಪೂರ್ತಿ ಹೋಗುತ್ತದೆಯೇ ಎಂದು ಕೇಳಿ ಸುಮ್ಮನಾಗಬೇಡಿ. ಆ ಜಾಗಕ್ಕೆ ಎಲ್ಲಿಂದ ಏನು ತರುತ್ತೀರಿ, ಊಟಕ್ಕಾಗಿ ಮೂಗಿಗೆ ಹಾಕಿದ ಪೈಪು ಯಾವಾಗ ತೆಗೆಯುತ್ತೀರಿ, ನುಂಗುವ ತರಬೇತಿ ಯಾರು ಕೊಡುತ್ತಾರೆ ಎಂಬುದನ್ನೂ ಸಹಿ ಹಾಕುವ ಮೊದಲೇ ಕೇಳಿ.