ಪದ ಪರಿಚಯ: ಕಮ್ಯೂಟರ್

ನಿವೃತ್ತ ಸರ್ಕಾರಿ ನೌಕರರಿಗೆ ಪಿಂಚಣಿಯ ‘ಕಮ್ಯುಟೇಷನ್’ ಗೊತ್ತು: ತಿಂಗಳ ಹಣದ ಒಂದು ಪಾಲು ಬಿಟ್ಟುಕೊಟ್ಟು ಒಮ್ಮೆಗೇ ಇಡುಗಂಟು ಪಡೆಯುವುದು. ದಿನವೂ ರೈಲು, ಬಸ್ಸು ಹಿಡಿದು ಕೆಲಸಕ್ಕೆ ಹೋಗಿಬರುವ ‘ಕಮ್ಯೂಟರ್’ ಕೂಡ ಅದೇ ಬೇರಿನವನು. ಲ್ಯಾಟಿನ್ನಿನ ‘ಕಮ್ಯೂಟಾರೆ’ ಎಂದರೆ ಬದಲಿಸು, ವಿನಿಮಯ ಮಾಡು. ಮೂಲದಲ್ಲಿ ಪ್ರಯಾಣದ ಸುಳಿವೇ ಇಲ್ಲ.

ನಂಟು ಬೆಸೆದವು ಅಮೆರಿಕದ ರೈಲು ಕಂಪನಿಗಳು. 1840ರ ದಶಕದಲ್ಲಿ ನ್ಯೂಯಾರ್ಕ್, ಬಾಸ್ಟನ್‌ಗಳ ಸುತ್ತ, ಬಿಡಿ ಟಿಕೆಟ್ಟುಗಳ ಬದಲು ಒಟ್ಟಿಗೆ ಹಣ ಕಟ್ಟಿಸಿಕೊಂಡು ರಿಯಾಯಿತಿಯ ‘ಕಮ್ಯುಟೇಷನ್ ಟಿಕೆಟ್’ ಕೊಡತೊಡಗಿದವು. ನಮ್ಮ ಸೀಸನ್ ಪಾಸ್ ಅನ್ನಿ. ಅದನ್ನು ಹಿಡಿದವನು 1860ರ ದಶಕದಲ್ಲಿ ‘ಕಮ್ಯೂಟರ್’ ಆದ. ಮುಂಗಡ ಕಟ್ಟುವ ಶಕ್ತಿ ಕೂಲಿಯವನಿಗೆಲ್ಲಿ? ಅವನು ಕಾರ್ಖಾನೆಯ ಪಕ್ಕದ ಇಕ್ಕಟ್ಟಿನಲ್ಲೇ ಉಳಿದ; ವರ್ತಕರು, ವಕೀಲರು ಊರಾಚೆ ತೋಟದ ಮನೆ ಕಟ್ಟಿದರು. ಅಮೆರಿಕದ ಉಪನಗರಕ್ಕೆ ಅಂಟಿದ ವರ್ಗಭೇದದ ಒಂದು ಬೇರು ಈ ಟಿಕೆಟ್ಟಿನಲ್ಲೇ ಇದೆ ಎಂದು ನನಗನಿಸುತ್ತದೆ.

ಊರನ್ನು ಹಿಗ್ಗಿಸಿದ್ದು ರೈಲು ಮಾತ್ರವಲ್ಲ; ಕುದುರೆ ಟ್ರಾಮೂ ಹರಡಿತು. 1888ರಲ್ಲಿ ಎಂಜಿನಿಯರ್ ಫ್ರಾಂಕ್ ಸ್ಪ್ರೇಗ್ ಅಮೆರಿಕದ ರಿಚ್ಮಂಡ್‌ನಲ್ಲಿ ವಿದ್ಯುತ್ ಟ್ರಾಮು ಓಡಿಸಿದ. 1850ರಲ್ಲಿ ನಡೆದೇ ಮುಗಿಸಬಹುದಾಗಿದ್ದ, ಸುಮಾರು ಮೂರು ಕಿಲೋಮೀಟರ್ ಹರವಿನ ಬಾಸ್ಟನ್, ಶತಮಾನದ ಕೊನೆಗೆ ಹದಿನಾರು ಕಿಲೋಮೀಟರ್ ಆಚೆಗೂ ಕೈಚಾಚಿತ್ತು.

ಇಂದು ಸ್ವಂತ ಕಾರಿನಲ್ಲಿ, ಪೆಟ್ರೋಲಿಗೆ ಪೂರ್ತಿ ಹಣ ತೆತ್ತು ಓಡಾಡುವವರೂ ಕಮ್ಯೂಟರುಗಳೇ. ಪದದೊಳಗಿನ ರಿಯಾಯಿತಿ ಎಂದೋ ರದ್ದಾಗಿದೆ.