ಹಂತಿ ಹಾಡು, ಗಿರಣಿ ಭೋಂಗಾ, ಕಂಪನಿಯ ಹುರುಪು

ನಾ ಕಲಿತದ್ದು ಏಳನೇ ಇಯತ್ತೆ. ಭೀಮಾ ದಂಡಿಯ ನಮ್ಮ ಭಂಡಾರಕವಠೆಯೊಳಗ ಹೊಲ ಮಾಡಿಕೊಂಡು, ಹಂತಿ ಪದ ಹಾಡಿಕೊಂಡು ಅರವತ್ತು ದಾಟಿದವ. ವಾಚನಾಲಯದವರು ಇತಿಹಾಸದ ಮ್ಯಾಲ ಒಂದು ಲೇಖನ ಬರೀರಿ ಅಂದರು. ರಾಜರ ಇತಿಹಾಸ ಮಾಸ್ತರರು ಬರೀತಾರ. ನಾ ದುಡಿಯುವವರ ಹುರುಪಿನ ಇತಿಹಾಸ ಬರೀತೀನಿ. ಅದಕ್ಕ ಕಾರಣ ಐತಿ.

ಹೋದ ವರ್ಷ ಪುಣೆಯ ಒಂದು ಕಂಪನಿಯವರು ನಮ್ಮ ಮೇಳವನ್ನು ಕರೆಸಿದ್ದರು. ನೌಕರರಿಗೆ ಹುರುಪು ತುಂಬುವ ಕಾರ್ಯಕ್ರಮ. ದೊಡ್ಡ ಹಾಲು, ಎಲ್ಲಾರಿಗೂ ಒಂದೇ ಬಣ್ಣದ ಅಂಗಿ. ಭಾಷಣಕಾರರೊಬ್ಬರು ಮಂದಿಯನ್ನು ಎಬ್ಬಿಸಿ ನಿಲ್ಲಿಸಿ, "ಕಂಪನಿ ನಮ್ಮದು" ಅಂತ ಮೂರು ಸಲ ಒದರಿಸಿದರು. ಆಮ್ಯಾಲ ನಾವು ಹಂತಿ ಪದ ಹಾಡಿದಿವಿ. ಚಪ್ಪಾಳೆ ಭಾಳ ಬಿದ್ದವು. ಊಟಕ್ಕ ಕುಂತಾಗ ಅಕ್ಕಲಕೋಟೆ ಕಡೆಯ ಹುಡುಗನೊಬ್ಬ ಬಂದು ಕಾಲು ಮುಟ್ಟಿದ. "ಕಾಕಾ, ನಾಕು ವರ್ಷ ಆತು ಇಲ್ಲೇ ದುಡೀತೀನಿ. ಆದರ ನಾ ಗುತ್ತಿಗೆದಾರನ ಆಳು. ದೀಪಾವಳಿ ಬೋನಸ್ ನಮಗಿಲ್ಲ. ಕಂಪನಿ ನಮ್ಮದು ಅಂತ ಒದರೂದಷ್ಟ ನಮ್ಮದು" ಅಂದ. ತುತ್ತು ಗಂಟಲೊಳಗ ನಿಂತಿತು. ನನ್ನ ಹಾಡು ಯಾವುದರ ಮ್ಯಾಲ ಹೊಚ್ಚಿದ ಚಾದರ ಆತು?

ಹಂತಿ ಅಂದರೇನು ಅಂತ ಈಗಿನ ಮಕ್ಕಳಿಗೆ ಹೇಳಬೇಕು. ಕಣದ ನಡುವೆ ಮೇಟಿ ನಿಲ್ಲಿಸಿ, ಜ್ವಾಳದ ತೆನೆ ಹಾಸಿ, ಎತ್ತುಗಳನ್ನು ಸಾಲಾಗಿ ಕಟ್ಟಿ ಸುತ್ತ ತಿರುಗಿಸುತ್ತಿದ್ದರು. ರಾತ್ರಿಯೆಲ್ಲ ನಡೆಯುವ ಕೆಲಸ. ಆಳಿಗೆ ನಿದ್ದಿ ಬರಬಾರದು, ಎತ್ತು ನಿಲ್ಲಬಾರದು, ಅದಕ್ಕ ಹಾಡು. ಒಬ್ಬ ನುಡಿ ಎತ್ತಿದರ ಉಳಿದವರು ಹಿಡೀತಿದ್ದರು. ಹಾಡುವವನೂ ಆಳು, ಕೇಳುವವನೂ ಆಳು. ರಾಶಿ ಪೂಜಿ ಆದಮ್ಯಾಲ ಆಯಗಾರರಿಗೆ ಆಯ, ಆಳಿಗೆ ಕಾಳು ಅಳೀತಿದ್ದರು. ಹಾಡಿನ ಮುಂದ ರಾಶಿ ಇತ್ತು, ರಾಶಿಯೊಳಗ ಪಾಲು ಇತ್ತು. ಹಂಗಂತ ಹಿಂದಿನದೆಲ್ಲ ಚಲೋ ಇತ್ತು ಅನ್ನಾಕ ಬರೂದಿಲ್ಲ. ಸಾಲ ತೀರದೆ ಒಬ್ಬರ ಮನಿಯೊಳಗೇ ವರ್ಷಗಟ್ಟಲೆ ದುಡಿದ ಸಾಲಗಡಿಗಳೂ ನಮ್ಮ ಇತಿಹಾಸದಾಗ ಅದಾರ.

ಇನ್ನೂ ಹಿಂದಕ್ಕ ಹೋದರ ಹನ್ನೆರಡನೇ ಶತಮಾನ. ಸೊನ್ನಲಿಗೆಯಲ್ಲಿ, ಅಂದರ ನಮ್ಮ ಸೊಲ್ಲಾಪುರದಲ್ಲಿ, ಸಿದ್ಧರಾಮರು ಕೆರೆ ತೋಡಿಸುತ್ತಿದ್ದರು. ಅಲ್ಲಮಪ್ರಭುಗಳು ಬಂದು ಅವರನ್ನು ಹಗುರ ಮಾತಿನಿಂದ ಕರೆದಾಗ, ಮಣ್ಣು ಹೊರುವ ಮಂದಿ ಸಿಟ್ಟಿಗೆದ್ದು ಕಲ್ಲು ಬೀಸಿದರು ಅಂತ ಶೂನ್ಯಸಂಪಾದನೆಯಲ್ಲಿ ಕಥೆ ಬರುತ್ತದೆ. ಕಲ್ಲು ಬೀಸಿದ್ದು ಸರಿ ಅನ್ನೂದಿಲ್ಲ. ಆದರ ಅವರಿಗೆ ಕೆರೆ ನಮ್ಮದು ಅಂತ ಒದರಲಿಕ್ಕೆ ಯಾರೂ ಕಲಿಸಿರಲಿಲ್ಲ. ಕೆರೆಯ ನೀರು ಊರಿಗೇ ಬರುವುದಿತ್ತು.

1877ರಲ್ಲಿ ಸೊಲ್ಲಾಪುರದ ಹಳೇ ಗಿರಣಿ ಸುರು ಆತು. ಅದೇ ಹೊತ್ತಿಗೆ ದೊಡ್ಡ ಬರ. ಮುಂದ ಗಿರಣಿ ಹೆಚ್ಚಾದಂಗ ಕನ್ನಡ, ತೆಲುಗು, ಮರಾಠಿ ಮಂದಿ ಭೋಂಗಾ ಕೇಳಿ ಏಳುವುದನ್ನು ಕಲಿತರು. 1949ರ ಆಗಸ್ಟಿನಲ್ಲಿ ಈ ಗಿರಣಿ ಮುಚ್ಚಿತು. 1950ರ ಜನವರಿಯಲ್ಲಿ ಭಾರತ ಸರಕಾರ ಸುಗ್ರೀವಾಜ್ಞೆ ಹೊರಡಿಸಿ ಅದರ ಆಡಳಿತ ತನ್ನ ಕೈಗೆ ತಗೊಂಡಿತು. ಖಟ್ಲೆ ಸುಪ್ರೀಂ ಕೋರ್ಟಿನ ತನಕ ಹೋಯಿತು. ಮುಚ್ಚಿದ್ದಕ್ಕ ಸರಕಾರ ಕೊಟ್ಟ ಕಾರಣ ಕೆಟ್ಟ ಆಡಳಿತ, ನಿರ್ಲಕ್ಷ್ಯ. ಕೂಲಿಕಾರರಿಗೆ ಹುರುಪು ಕಡಿಮೆ ಇತ್ತು ಅಂತ ಅದರಾಗ ಇಲ್ಲ. ಈ ಮಾತು ನೆನಪಿಡಬೇಕು. ಕೆಲಸ ಕೆಟ್ಟಾಗ ಮೊದಲ ಬೊಟ್ಟು ದುಡಿಯುವವನ ಕಡೆಗೇ ತೋರಿಸೂದು ರೂಢಿ.

ಇದು ಹೊರದೇಶದಾಗೂ ಐತಿ. ಅಮೆರಿಕದ ಐಬಿಎಂ ಕಂಪನಿ 1927ರ ಹೊತ್ತಿಗೆ ನೌಕರರಿಗಾಗಿ ಹಾಡಿನ ಪುಸ್ತಕವನ್ನೇ ಅಚ್ಚು ಹಾಕಿಸಿತ್ತು ಅಂತ ನಮ್ಮ ಮಾಸ್ತರರು ಹೇಳಿದರು. ಅದರೊಳಗ ಮುಖ್ಯಸ್ಥ ವಾಟ್ಸನ್ನರನ್ನು ಹೊಗಳುವ ಹಾಡೂ ಇದ್ದವಂತ. ಕೇಳಿ ನಗು ಬಂತು. ಹಂತಿಯೊಳಗೂ ನಾವು ದೇವರನ್ನ, ಎತ್ತನ್ನ, ಭೂಮಿತಾಯಿಯನ್ನ ಹೊಗಳತೀವಿ. ಆದರ ಅದನ್ನ ಹಾಡ್ರಿ ಅಂತ ಮಾಲಕ ಬರೆದು ಕೊಟ್ಟದ್ದಲ್ಲ.

ಹುರುಪಿನ ಕಾರ್ಯಕ್ರಮ ಬ್ಯಾಡ ಅನ್ನಾಂವ ನಾನಲ್ಲ. ಹಾಡು ಕುಣಿತ ಇಲ್ಲದ ದುಡಿಮೆ ಒಣ ರೊಟ್ಟಿ. ಆದರ ರೊಟ್ಟಿನೇ ಕೊಡದೆ ಚಟ್ನಿ ನೆಕ್ಕಿಸಬಾರದು. ಬೋನಸ್ ದಾನ ಅಲ್ಲ, 1965ರಲ್ಲಿ ಅದು ಕಾನೂನೇ ಆತು. ಈಗ ಹಕ್ಕಿದ್ದವರಿಗೆ ಲೆಕ್ಕಕ್ಕ ಹಿಡಿದ ಪಗಾರದ ಕಡಿಮೆ ಅಂದರೂ 8.33 ಟಕ್ಕೆ ಸಿಗಬೇಕು. ಪುಣೆ, ಮುಂಬಯಿಗೆ ಹೊಂಟ ನಮ್ಮ ಹುಡುಗರಿಗೆ ಮಾಸ್ತರರು ಇದನ್ನ ತಿಳಿಸಿ ಹೇಳಬೇಕು. ಕಾಗದ ಓದಿಸಿ ಸಹಿ ಮಾಡಿಸಬೇಕು.

ಈ ವರ್ಷ ಅದೇ ಕಂಪನಿಯಿಂದ ಮತ್ತ ಕರೆ ಬಂತು. "ಗುತ್ತಿಗೆ ಹುಡುಗರಿಗೆ ಬೋನಸ್ ಕೊಟ್ಟೀರೇನ್ರಿ?" ಅಂತ ಕೇಳಿದೆ. "ವಿಚಾರಿಸಿ ಹೇಳ್ತೀವಿ" ಅಂದರು. ಇನ್ನೂ ಫೋನ್ ಬಂದಿಲ್ಲ. ಬಂದರ ಹಾಡಾಕ ಹೋಗ್ತೀನಿ. ಬರದಿದ್ದರ ನಮ್ಮ ಊರಾಗ ಹಾಡಾಕ ಜಾಗಕ್ಕೇನ ಕೊರತಿ ಇಲ್ಲ.